ಗೋಲ್‌ಕೀಪರ್ ಶಿವಲೀಲಾಳಿಗೆ ನಾನು ಬರೆದುಕೊಟ್ಟ ಫಾರ್ಮ್

೨೦೨೩ರ ಡಿಸೆಂಬರಿನಲ್ಲಿ ನಾನು ಕನ್ನಡ, ಮರಾಠಿ ಎರಡೂ ನಡೆಯುವ ಗಡಿಯ ಜತ್ತ ಪಟ್ಟಣದಲ್ಲಿ ಎರಡು ಕೋಣೆಗಳ ಫಿಜಿಯೋಥೆರಪಿ ಕ್ಲಿನಿಕ್ ನಡೆಸುತ್ತಿದ್ದೆ. ಈಗಲೂ ನಡೆಸುತ್ತಿದ್ದೇನೆ. ಅದಕ್ಕೆ ಮೊದಲು ಒಂಬತ್ತು ವರ್ಷ ಪುಣೆಯ ಕಡೆ ಫುಟ್‌ಬಾಲ್ ತಂಡಗಳೊಂದಿಗೆ ಕೆಲಸ ಮಾಡಿದ್ದೆ. ಗಂಡನಿಗೆ ಜತ್ತಕ್ಕೆ ವರ್ಗವಾದಾಗ ತವರೂರಿಗೆ ಮರಳಿದೆ. ಇಲ್ಲಿ ನನ್ನನ್ನು ನಸೀಮಾ ಎಂದು ಹೆಸರು ಹಿಡಿದು ಕರೆಯುವವರು ಕಡಿಮೆ. ಸೊಂಟ, ಮೊಣಕಾಲು, ಪಾರ್ಶ್ವವಾಯು ಎಂದು ಬರುವವರಿಗೆ ಯಂತ್ರ ಹಚ್ಚಿದಾಗಿನ ಜುಮುಜುಮು ಮಾತ್ರ ನೆನಪಿರುತ್ತದೆ. ಹೆಂಗಸರನ್ನು ಗೌರವದಿಂದ ಬಾಯಿ ಎನ್ನುವುದು ಈ ಕಡೆಯ ರೂಢಿ, ಹಾಗಾಗಿ ಊರಿಗೆಲ್ಲ ನಾನು ‘ಕರೆಂಟ್ ಕೊಡೋ ಬಾಯಿ’.

ಫುಟ್‌ಬಾಲಿನಲ್ಲಿ ಕೆಲಸ ಮಾಡಿದವಳು ಎಂದು ತಿಳಿದ ಕೂಡಲೇ ಜನ ಒಂದು ಪ್ರಶ್ನೆ ಕೇಳುತ್ತಾರೆ: ಪೆಟ್ಟಾಗಿದ್ದರೂ ಆಡಿಸುತ್ತಾರಂತಲ್ಲ, ಅದು ಸರಿಯೇ? ನಿಜ ಹೇಳಬೇಕೆಂದರೆ, ಎಲ್ಲೂ ನೋವಿಲ್ಲದ ಆಟಗಾರರನ್ನು ನಾನು ನೋಡಿಯೇ ಇಲ್ಲ. ಉಳುಕಿದ ಪಾದಕ್ಕೆ ಬಿಗಿಯಾಗಿ ಟೇಪ್ ಸುತ್ತಿ ಎಷ್ಟೋ ಜನರನ್ನು ಮೈದಾನಕ್ಕೆ ಕಳಿಸಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಏನೂ ಆಗಲಿಲ್ಲ. ಬಹುಶಃ ಆ ಅಭ್ಯಾಸವೇ ನನ್ನನ್ನು ಕೆಡಿಸಿತು.

ಶಿವಲೀಲಾ ಬೆಳುಂಕಿಯ ಹುಡುಗಿ. ಆಗ ಅವಳಿಗೆ ಇಪ್ಪತ್ಮೂರು ವರ್ಷ. ವಸತಿ ಶಾಲೆಯಲ್ಲಿ ಹ್ಯಾಂಡ್‌ಬಾಲ್ ಆಡುತ್ತಿದ್ದವಳ ಕೈ ನೋಡಿ ಯಾರೋ ಫುಟ್‌ಬಾಲ್ ಗೋಲಿನಲ್ಲಿ ನಿಲ್ಲಿಸಿದರು. ಅಲ್ಲಿಂದ ಒಂದು ವೃತ್ತಿಪರ ಮಹಿಳಾ ಕ್ಲಬ್ಬಿಗೆ ಹೋದಳು. ಎರಡು ವರ್ಷ ಬೆಂಚಿನ ಮೇಲೆ ಕೂತು ಮೂರನೆಯ ವರ್ಷ ಮೊದಲ ಗೋಲ್‌ಕೀಪರ್ ಆದಳು. ಆ ಕ್ಲಬ್ಬಿನ ಕೋಚ್ ನನಗೆ ಹಳೆಯ ಪರಿಚಯ. ನಮ್ಮ ತಾಲೂಕಿನಿಂದ ಒಬ್ಬ ಹೆಣ್ಣುಮಗಳು ಅಷ್ಟು ದೂರ ಹೋದದ್ದಕ್ಕೆ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಕೈಗವಸು ತೊಟ್ಟು ನಿಂತ ಅವಳ ಫೋಟೊ ಒಂದನ್ನು ಕ್ಲಿನಿಕ್ಕಿನ ಗೋಡೆಗೆ ಹಾಕಿಕೊಂಡಿದ್ದೆ.

ಆ ಡಿಸೆಂಬರಿನ ಒಂದು ಶನಿವಾರ ಅವಳು ಚೆಂಡಿಗೆ ಹಾರಿದಾಗ ಎದುರಾಳಿಯ ಮೊಣಕಾಲು ಅವಳ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಪ್ರಜ್ಞೆ ತಪ್ಪಲಿಲ್ಲ. ಎದ್ದು ಪಂದ್ಯ ಮುಗಿಸಿದಳು. ವಾಪಸು ಬರುವಾಗ ಬಸ್ಸಿನಲ್ಲಿ ಎರಡು ಸಲ ವಾಂತಿಯಾಯಿತು. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ. ಇದನ್ನು ಕನ್‌ಕಶನ್ ಎನ್ನುತ್ತಾರೆ: ಬುರುಡೆ ಒಡೆದಿರುವುದಿಲ್ಲ, ರಕ್ತ ಸೋರಿರುವುದಿಲ್ಲ, ಆದರೆ ಒಳಗೆ ಮಿದುಳು ಅಲುಗಿ ತನ್ನ ಕೆಲಸದಲ್ಲಿ ತಡವರಿಸುತ್ತಿರುತ್ತದೆ. ಯಾವ ಫಿಲ್ಮಿನಲ್ಲೂ ಅದು ಕಾಣುವುದಿಲ್ಲ. ವಿಶ್ರಾಂತಿ ಕೊಟ್ಟರೆ ಬಹಳ ಜನ ಎರಡು ವಾರದ ಆಸುಪಾಸಿನಲ್ಲಿ ಗುಣವಾಗುತ್ತಾರೆ. ಗುಣವಾಗುವ ಮೊದಲೇ ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ, ಅದು ಸಣ್ಣದಾದರೂ, ಏನಾದೀತೆಂದು ಹೇಳಲು ಬರುವುದಿಲ್ಲ.

ಕ್ಲಬ್ಬಿನವರು ಅವಳನ್ನು ಮನೆಗೆ ಕಳಿಸಿದರು. ಮುಂದಿನ ಪಂದ್ಯ ಹದಿನೈದನೆಯ ದಿನಕ್ಕಿತ್ತು. ರಾಷ್ಟ್ರೀಯ ಶಿಬಿರಕ್ಕೆ ಆರಿಸುವವರು ಆ ಪಂದ್ಯ ನೋಡಲು ಬರುವವರಿದ್ದರು. ಕೋಚ್ ಫೋನ್ ಮಾಡಿ, ನಿಮ್ಮ ಊರಿನ ಹುಡುಗಿ, ನೀವೇ ಪರೀಕ್ಷೆ ಮಾಡಿ ಫಾರ್ಮ್ ಕಳಿಸಿ, ಅದನ್ನು ನೋಡಿ ನಮ್ಮ ಡಾಕ್ಟರ್ ತೀರ್ಮಾನ ಮಾಡುತ್ತಾರೆ ಎಂದರು. ನಾನು ಖುಷಿಯಿಂದಲೇ ಒಪ್ಪಿದೆ.

ಪರೀಕ್ಷೆ ಸರಳವಾದದ್ದು. ತಲೆನೋವು, ಮಂಕು, ಬೆಳಕಿನ ಕಿರಿಕಿರಿ ಮುಂತಾದ ಇಪ್ಪತ್ತೆರಡು ಲಕ್ಷಣಗಳನ್ನು ಕೇಳಿ ಅಂಕ ಹಾಕಬೇಕು. ತಿಂಗಳುಗಳನ್ನು ಹಿಂದಿನಿಂದ ಹೇಳಿಸಬೇಕು. ಒಂಟಿ ಕಾಲಿನಲ್ಲಿ ನಿಲ್ಲಿಸಬೇಕು. ಹತ್ತು ಪದ ಓದಿ ಹೇಳಿ, ತಿರುಗಿ ಹೇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಕೇಳಬೇಕು. ಫಾರ್ಮಿನಲ್ಲಿದ್ದ ಪದಗಳು ಇಂಗ್ಲಿಷಿನವು. ಅವಳಿಗೆ ಅನ್ಯಾಯವಾಗಬಾರದೆಂದು ನಾನು ನಮ್ಮ ಕಡೆಯ ಮನೆಮಾತಿನ ಪದಗಳನ್ನೇ ಆರಿಸಿ, ಮೂರು ಪಟ್ಟಿ ಮಾಡಿ ಡೈರಿಯಲ್ಲಿ ಬರೆದುಕೊಂಡೆ. ಹಗ್ಗ, ಬೆಲ್ಲ, ಕುಡಗೋಲು, ಕಂಬಳಿ, ಹೀಗೆ.

ನಾಲ್ಕನೆಯ ದಿನ ಮೊದಲ ಪರೀಕ್ಷೆ. ಎರಡನೆಯ ಸಲ ಕೇಳಿದಾಗ ಹತ್ತರಲ್ಲಿ ನಾಲ್ಕು ಪದ ಹೇಳಿದಳು. ಒಂಟಿ ಕಾಲಿನಲ್ಲಿ ನಿಂತವಳು ಗೋಡೆ ಹಿಡಿದಳು. ಟ್ಯೂಬ್‌ಲೈಟಿಗೆ ಕಣ್ಣು ಕಿರಿದು ಮಾಡುತ್ತಿದ್ದಳು. ಎಂಟನೆಯ ದಿನ ಏಳು ಪದ, ಸಮತೋಲ ಚೆನ್ನಾಗಿತ್ತು. ಲಕ್ಷಣಗಳನ್ನು ಕೇಳಿದಾಗ ಎಲ್ಲದಕ್ಕೂ ಇಲ್ಲ ಎಂದಳು. ನಡುವೆ ಪಕ್ಕದ ಕೋಣೆಯಲ್ಲಿ ಒಬ್ಬ ಮುದುಕರ ಸೊಂಟಕ್ಕೆ ಹಚ್ಚಿದ್ದ ಯಂತ್ರ ಬಿಚ್ಚಲು ನಾನು ಎದ್ದು ಹೋದೆ. ಡೈರಿ ಮೇಜಿನ ಮೇಲೇ ಇತ್ತು.

ಹತ್ತನೆಯ ದಿನ ನಾನೇ ಬೆಳುಂಕಿಗೆ ಹೋದೆ. ಮೊದಲು ನಡಿಗೆ, ನಂತರ ಓಟ, ಆಮೇಲೆ ಚೆಂಡು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು, ಒಂದೊಂದು ಮೆಟ್ಟಿಲಿಗೆ ಒಂದು ದಿನವಾದರೂ ಕೊಡಬೇಕು, ತೊಂದರೆ ಕಂಡರೆ ನಿಲ್ಲಿಸಬೇಕು ಎಂಬುದು ನಿಯಮ. ಶಾಲೆಯ ಮೈದಾನದಲ್ಲಿ ಅವಳು ಸಲೀಸಾಗಿ ಓಡಿದಳು. ಚೆಂಡು ಎಸೆದರೆ ಎರಡೂ ಕೈಯಲ್ಲಿ ಹಿಡಿದಳು. ಓಢಣಿಯನ್ನು ಮಾತ್ರ ಹುಬ್ಬಿನವರೆಗೆ ಎಳೆದು ಕಟ್ಟಿಕೊಂಡಿದ್ದಳು. ಚಹಾಕ್ಕೆ ಮನೆಗೆ ಹೋದಾಗ ಅವಳ ತಾಯಿ ಗೌರವ್ವ ಒಳಗೆ ನನ್ನೊಬ್ಬಳನ್ನೇ ನಿಲ್ಲಿಸಿಕೊಂಡು ಮೆಲ್ಲಗೆ ಹೇಳಿದರು:

“ಬಾಯಾರ, ಹಗಲೆಲ್ಲಾ ಕದಾ ಹಾಕ್ಕೊಂಡು ಕತ್ತಲಿ ಖೋಲ್ಯಾಗ ಮಲ್ಕೊಂಡಿರ್ತಾಳ್ರಿ. ಬೆಳಕ ಕಂಡ್ರ ಆಗವಲ್ದು. ಕೇಳಿದ್ರ ಏನಿಲ್ಲ ಅಂತಾಳ.”

ನಾನು ಶಿವಲೀಲಾಳನ್ನು ಕೇಳಿದೆ. ಮುಟ್ಟಿನ ದಿನ, ಅದಕ್ಕೇ ಮಲಗಿದ್ದೆ ಎಂದಳು. ಅವಳು ಹೇಳಿದ್ದನ್ನು ಪೂರ್ತಿ ನಂಬಲಿಲ್ಲ, ಅವಳ ತಾಯಿ ಹೇಳಿದ್ದನ್ನು ಪೂರ್ತಿ ಕಿವಿಗೆ ಹಾಕಿಕೊಳ್ಳಲೂ ಇಲ್ಲ.

ಹನ್ನೆರಡನೆಯ ದಿನ ಕೊನೆಯ ಪರೀಕ್ಷೆ. ಮೂರನೆಯ ಪಟ್ಟಿ ಓದಲು ಶುರು ಮಾಡಿದಾಗ ಕಂಬಳಿ ಎಂಬ ಪದ ಅದೇ ಪಟ್ಟಿಯ ಕುಂಬಳದಂತೆಯೇ ಕೇಳಿಸೀತು ಎನ್ನಿಸಿತು. ಡೈರಿಯಲ್ಲಿ ತಿದ್ದದೆ, ಬಾಯಲ್ಲಿ ಮಾತ್ರ ಕಂಬಳಿಯ ಬದಲು ಹಾಸಿಗಿ ಎಂದೆ. ಅವಳು ಹತ್ತು ಪದಗಳನ್ನೂ ಒಂದೇ ಉಸಿರಿಗೆ, ಅದೇ ಕ್ರಮದಲ್ಲಿ ಹೇಳಿದಳು. ಹಾಸಿಗಿ ಬರಬೇಕಾದ ಕಡೆ ಕಂಬಳಿ ಎಂದಳು.

ನಾನು ಹೇಳದ ಪದ ಅದು. ಡೈರಿಯ ಆ ಹಾಳೆಯಲ್ಲಿ ಮಾತ್ರ ಇದ್ದದ್ದು.

ಎಲ್ಲಿ ನೋಡಿದೆ ಎಂದು ಕೇಳಿದೆ. ಮೊದಲು ತಲೆ ತಗ್ಗಿಸಿದಳು. ಆಮೇಲೆ ತಾನೇ ಫೋನ್ ತೆಗೆದು ತೋರಿಸಿದಳು. ಎಂಟನೆಯ ದಿನ ನಾನು ಎದ್ದು ಹೋದಾಗ ಡೈರಿಯ ಮೂರೂ ಪಟ್ಟಿಗಳ ಫೋಟೊ ಹೊಡೆದುಕೊಂಡಿದ್ದಳು. ಕತ್ತಲೆ ಕೋಣೆಯಲ್ಲಿ ಮಲಗಿ ನಾಲ್ಕು ದಿನ ಅದನ್ನೇ ಬಾಯಿಪಾಠ ಮಾಡಿದ್ದಳು. ಮೂವತ್ತು ಪದ ಬಾಯಿಪಾಠ ಮಾಡಲು ಅಷ್ಟು ದಿನ ಬೇಕಾದದ್ದೇ ಒಂದು ಲಕ್ಷಣ ಎಂಬುದು ನನಗೆ ಆಗ ಹೊಳೆಯಲಿಲ್ಲ.

“ಗೋಲಿನ್ಯಾಗ ನಿಲ್ಲಾಕಿ ಒಬ್ಬಾಕಿನ, ಅಕ್ಕಾರ,” ಎಂದಳು. “ನಾ ಬಿಟ್ಟ ಜಾಗಾದಾಗ ಇನ್ನೊಬ್ಬಾಕಿ ನಿಂತ್ಲಂದ್ರ ಮತ್ತ ನನಗ ಸಿಗಂಗಿಲ್ರಿ. ಇದೊಂದ ಮ್ಯಾಚ್ ಆಡಾಕ ಬಿಡ್ರಿ. ಆಮ್ಯಾಲ ನೀವು ಹೇಳಿದಷ್ಟು ದಿನಾ ಮಲಗತೀನಿ.”

ತಲೆ ನೋಯುತ್ತದೆಯೇ ಎಂದು ಕೇಳಿದೆ. ಸ್ವಲ್ಪ ಎಂದಳು. ಎಷ್ಟು ಸ್ವಲ್ಪ ಎಂದು ನಾನು ಕೇಳಲಿಲ್ಲ.

ಅವಳನ್ನು ಹೊರಗೆ ಕೂಡಿಸಿ ಕೋಚ್‌ಗೆ ಫೋನ್ ಮಾಡಿದೆ. ನನಗೆ ಪೂರ್ತಿ ಸಮಾಧಾನವಿಲ್ಲ ಎಂದೆ. ಅವರು ಸಿಟ್ಟಾಗಲಿಲ್ಲ. ಸಮಾಧಾನವಿಲ್ಲದಿದ್ದರೆ ಹಾಗೆಂದೇ ಬರೆಯಿರಿ, ಡಾಕ್ಟರ್ ಅವಳನ್ನು ಕೈಬಿಡುತ್ತಾರೆ, ನಾನು ಇನ್ನೊಬ್ಬಳನ್ನು ಸೀಸನ್ ಪೂರ್ತಿ ನಿಲ್ಲಿಸಬೇಕಾಗುತ್ತದೆ, ಯೋಚಿಸಿ ಎಂದು ಮರಾಠಿಯಲ್ಲಿ ಶಾಂತವಾಗಿ ಹೇಳಿದರು. ಫೋಟೊದ ವಿಷಯ ನಾನು ಎತ್ತಲಿಲ್ಲ. ಎತ್ತಿದ್ದರೆ ಅವರಿಗೆ ಬೇರೆ ದಾರಿ ಇರುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು, ಅದಕ್ಕೇ ಎತ್ತಲಿಲ್ಲ.

ನನಗೆ ನಾನೇ ಕಾರಣಗಳನ್ನು ಕೊಟ್ಟುಕೊಂಡೆ. ಸಮತೋಲ ಚೆನ್ನಾಗಿದೆ. ಓಡಿದ್ದಾಳೆ. ಎಂಟನೆಯ ದಿನವೇ ಏಳು ಪದ ಹೇಳಿದ್ದಳು. ಬಹಳ ಜನ ಎರಡು ವಾರದಲ್ಲಿ ಗುಣವಾಗುತ್ತಾರೆ, ಪಂದ್ಯ ಹದಿನೈದನೆಯ ದಿನ. ಮೇಲಾಗಿ ತೀರ್ಮಾನ ಮಾಡುವವರು ಡಾಕ್ಟರ್, ನಾನಲ್ಲ. ಲಕ್ಷಣಗಳ ಅಂಕ ಸೊನ್ನೆ ಎಂದು ಬರೆದೆ. ಪದಗಳ ಮುಂದೆ ಒಂಬತ್ತು ಎಂದು ಬರೆದೆ. ಷರಾದಲ್ಲಿ, ಸುಧಾರಣೆ ತೃಪ್ತಿಕರ, ನಿಗಾ ಇರಲಿ ಎಂದು ಬರೆದು ಸಹಿ ಹಾಕಿದೆ. ಶಿವಲೀಲಾ ನನ್ನ ಕಾಲು ಮುಟ್ಟಲು ಬಾಗಿದಳು. ಬಾಗುವಾಗ ಒಂದು ಕ್ಷಣ ಮೇಜು ಹಿಡಿದುಕೊಂಡಳು. ಅದನ್ನೂ ನೋಡಿದೆ.

ಪಂದ್ಯವನ್ನು ಕ್ಲಿನಿಕ್ಕಿನಲ್ಲೇ ಕೂತು ಫೋನಿನಲ್ಲಿ ನೋಡಿದೆ. ಮೊದಲರ್ಧದಲ್ಲಿ ಎಡಕ್ಕೆ ಹಾರಿ ಒಂದು ಪೆನಾಲ್ಟಿ ತಡೆದಳು. ಕ್ಲಿನಿಕ್ಕಿಗೆ ಬಂದಿದ್ದವರನ್ನೆಲ್ಲ ಕರೆದು ತೋರಿಸಿದೆ. ದ್ವಿತೀಯಾರ್ಧದಲ್ಲಿ ಒಂದು ಕಾರ್ನರ್ ಬಂದಾಗ ಅವಳದೇ ತಂಡದ ಹುಡುಗಿಯ ಭುಜ ಅವಳ ದವಡೆಗೆ ತಾಕಿತು. ರೆಫರಿ ಸೀಟಿ ಊದುವಂಥದ್ದೇನೂ ಆಗಿರಲಿಲ್ಲ. ಅವಳು ಗೋಲ್ ಕಿಕ್‌ಗೆ ಚೆಂಡು ಇಟ್ಟಳು. ಒದೆಯಲಿಲ್ಲ. ಮೈದಾನಕ್ಕೆ ಬೆನ್ನು ಮಾಡಿ ಬಲೆಯ ಕಡೆ ತಿರುಗಿ ನಿಂತಳು. ಏನೋ ಮರೆತವಳಂತೆ ಎರಡು ಹೆಜ್ಜೆ ನಡೆದು ಮುಖ ಕೆಳಗಾಗಿ ಬಿದ್ದಳು. ಮೈ ಸೆಟೆದು ಅದುರತೊಡಗಿತು. ಕ್ಯಾಮೆರಾದವರು ದೃಶ್ಯವನ್ನು ಪ್ರೇಕ್ಷಕರ ಕಡೆಗೆ ತಿರುಗಿಸಿದರು.

ಮಿದುಳು ಊದಿಕೊಂಡು ಒಳಗೆ ರಕ್ತಸ್ರಾವವಾಗಿತ್ತು. ಒತ್ತಡ ಇಳಿಸಲು ತಲೆಬುರುಡೆಯ ಒಂದು ಭಾಗವನ್ನು ತೆಗೆಯಬೇಕಾಯಿತು. ಮೂರನೆಯ ದಿನ ನಾನು ಹೋದಾಗ ಗೌರವ್ವ ಐಸಿಯುವಿನ ಹೊರಗೆ ನೆಲದ ಮೇಲೆ ಕೂತಿದ್ದರು. ಬರ್ರಿ ಬಾಯಾರ, ಕುಂದ್ರಿ ಎಂದು ಜಾಗ ಬಿಟ್ಟರು. ಮಗಳು ಹನ್ನೊಂದು ದಿನ ಕಣ್ಣು ತೆರೆಯಲಿಲ್ಲ. ಅಷ್ಟರಲ್ಲಿ ಶಿಬಿರದ ಪಟ್ಟಿ ಹೊರಬಿತ್ತು. ಅವಳ ಹೆಸರಿರಲಿಲ್ಲ.

ಕ್ಲಬ್ಬಿನವರು ವಿಚಾರಣೆ ಮಾಡಿದರು. ಡಾಕ್ಟರ್ ನನ್ನ ಫಾರ್ಮ್ ತೋರಿಸಿದರು. ಫಾರ್ಮ್ ಸರಿಯಾಗಿ ತುಂಬಿತ್ತು. ಯಾರ ತಪ್ಪೂ ಇಲ್ಲ ಎಂದಾಯಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಆಗ ಅಂದುಕೊಂಡಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ.

ಮೂರು ತಿಂಗಳ ಮೇಲೆ ಅವಳು ಊರಿಗೆ ಬಂದಳು. ಎಡಗೈ ಮಡಚಿಕೊಂಡಿದೆ, ಬೆರಳು ಬಿಚ್ಚುವುದಿಲ್ಲ. ಎಡಗಾಲು ಎಳೆಯುತ್ತಾಳೆ. ಫಿಟ್ಸ್‌ಗೆ ಮಾತ್ರೆ ನುಂಗಬೇಕು. ಹಳೆಯದೆಲ್ಲ ನೆನಪಿದೆ, ಹೊಸದು ನಿಲ್ಲುವುದಿಲ್ಲ. ಪ್ರತಿ ಮಂಗಳವಾರ ಗೌರವ್ವ ಅವಳನ್ನು ಎಸ್‌.ಟಿ. ಬಸ್ಸಿನಲ್ಲಿ ನನ್ನ ಕ್ಲಿನಿಕ್ಕಿಗೆ ಕರೆತರುತ್ತಾರೆ. ನಾನು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತೇನೆ. ಬಿಟ್ಟ ಕೂಡಲೇ ಮತ್ತೆ ಮಡಚಿಕೊಳ್ಳುತ್ತವೆ. ಆ ಪಂದ್ಯದ ನೆನಪು ಅವಳಿಗಿಲ್ಲ. ಪೆನಾಲ್ಟಿ ತಡೆದದ್ದನ್ನು ಯಾರೋ ಹೇಳಿದ್ದಾರೆ. ಯಾವ ಕಡೆ ಹಾರಿದೆ ಎಂದು ನನ್ನನ್ನು ಕೇಳುತ್ತಾಳೆ, ಎಡಕ್ಕೆ ಎನ್ನುತ್ತೇನೆ, ನಗುತ್ತಾಳೆ. ಮುಂದಿನ ವಾರ ಬಂದು ಮತ್ತೆ ಕೇಳುತ್ತಾಳೆ.

ಒಂದು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದು, ಒಂದು ಮಂಗಳವಾರ ಅವಳನ್ನು ಯಂತ್ರದ ಕೋಣೆಯಲ್ಲಿ ಮಲಗಿಸಿ, ಗೌರವ್ವನವರಿಗೆ ಎಲ್ಲ ಹೇಳಿದೆ. ಡೈರಿಯ ಫೋಟೊ, ನಾನು ಹೇಳದ ಪದ, ಸೊನ್ನೆ ಎಂದು ಬರೆದದ್ದು, ಯಾವುದನ್ನೂ ಬಿಡಲಿಲ್ಲ. ಅವರು ಅಳಲಿಲ್ಲ, ಬೈಯಲಿಲ್ಲ. ಮಗಳು ಮಲಗಿದ್ದ ಕೋಣೆಯ ಕಡೆ ನೋಡಿದರು.

“ನೀವು ಬ್ಯಾಡ ಅಂದಿದ್ರ ನಿಮ್ಮ ಮ್ಯಾಲ ಸಿಟ್ಟಾಗ್ತಿದ್ಳು,” ಎಂದರು. “ಇಷ್ಟೊತ್ತಿಗೆ ಸಿಟ್ಟು ಇಳೀತಿತ್ತಲ್ರಿ, ಬಾಯಾರ.”

ಮುಂದಿನ ವಾರ ಅವರು ಬರಲಾರರು ಎಂದುಕೊಂಡೆ. ಬಂದರು. ಬೆಳುಂಕಿಯಿಂದ ಹೋಗಿಬರುವಷ್ಟು ಹತ್ತಿರದಲ್ಲಿ ಈ ಕೆಲಸ ಬಲ್ಲವರು ಇನ್ನೊಬ್ಬರಿಲ್ಲ.

ಆಮೇಲೆ ತಲೆಗೆ ಪೆಟ್ಟಾದ ಇಬ್ಬರು ಆಟಗಾರರು ನನ್ನಲ್ಲಿಗೆ ಬಂದರು. ಇಬ್ಬರಿಗೂ ಆಡಬಾರದು ಎಂದು ಬರೆದುಕೊಟ್ಟೆ. ಇಬ್ಬರೂ ಬೇರೆ ಕಡೆ ಹೋಗಿ ಬೇರೆ ಕಾಗದ ತಂದರು. ಒಬ್ಬ ಇಂದಿಗೂ ಆಡುತ್ತಿದ್ದಾನಂತೆ, ಇನ್ನೊಬ್ಬನ ಸುದ್ದಿ ಗೊತ್ತಿಲ್ಲ. ಬೇಡ ಎಂದರೆ ಯಾರಾದರೂ ಉಳಿಯುತ್ತಾರೆ ಎಂಬ ಭರವಸೆಯೂ ನನಗೆ ಉಳಿದಿಲ್ಲ. ಆದರೂ ಕೆಲಸ ಕಲಿಸಿದ್ದನ್ನು ಹೇಳಬೇಕು. ಕಾಲಿಗೆ ಪೆಟ್ಟಾದ ಆಟಗಾರ್ತಿ ಆಡಬೇಕೋ ಬೇಡವೋ ಎಂದು ತಾನೇ ಯೋಚಿಸಿ ಹೇಳಬಲ್ಲಳು. ತಲೆಗೆ ಪೆಟ್ಟಾದವಳಲ್ಲಿ ಯೋಚಿಸಬೇಕಾದ ಅಂಗಕ್ಕೇ ಪೆಟ್ಟಾಗಿರುತ್ತದೆ. ಅವಳ ಬದಲು ಯೋಚಿಸಲೆಂದೇ ನಮ್ಮಂಥವರನ್ನು ಇಟ್ಟಿರುತ್ತಾರೆ. ಒಂಬತ್ತು ವರ್ಷ ಟೇಪ್ ಸುತ್ತಿದ ಮೇಲೆ ನನ್ನಿಂದ ಬೇಕಾಗಿದ್ದದ್ದು ಒಂದು ದಿನ, ಒಂದು ಮಾತು. ಅಂದು ನಾನು ಅದನ್ನು ಹೇಳಲಿಲ್ಲ. ಇನ್ನೆಷ್ಟು ಮಂಗಳವಾರ ಆ ಬೆರಳುಗಳನ್ನು ಬಿಡಿಸಿದರೂ ಅವು ಹಾಗೇ ಮಡಚಿಕೊಳ್ಳುತ್ತವೆ.