ಅಕ್ಕ ಕುದಿಸಿದ ಕಲ್ಲುಗಳು

ನನ್ನಕ್ಕನಿಗೆ ಕುದಿಸಿದ್ದರ ಮೇಲೆ ಮಾತ್ರ ನಂಬಿಕೆ. ಮೂವತ್ತೊಂದು ವರ್ಷ ಅವಳು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೆಲಸ ಮಾಡಿದಳು. ಆಪರೇಷನ್ ಕೋಣೆಯಿಂದ ಬಂದ ಕತ್ತರಿ, ಚಿಮಟ, ಬಟ್ಟಲುಗಳನ್ನು ಉಜ್ಜಿ ತೊಳೆದು, ದೊಡ್ಡ ಹಬೆಪೆಟ್ಟಿಗೆಯೊಳಗಿಟ್ಟು, ಒಂದು ಕ್ರಿಮಿಯೂ ಉಳಿಯದ ಹಾಗೆ ಮಾಡಿ ಮೇಲಕ್ಕೆ ಕಳಿಸುವುದೇ ಆ ಕೆಲಸ. ಅಲ್ಲಿನ ನರ್ಸುಗಳು ಅವಳಿಗೆ ಇಟ್ಟ ಹೆಸರು ಹಬೆಯಮ್ಮ. ಹೋದ ವರ್ಷ ನಿವೃತ್ತಳಾದಳು, ಆದರೆ ಮನೆಯಲ್ಲಿ ಅದೇ ಕಥೆ. ಚಮಚ ಕುದಿಯುತ್ತದೆ, ಒರೆಸುವ ಬಟ್ಟೆ ಕುದಿಯುತ್ತದೆ. ನಾನು ಚಿಕ್ಕವಳಿದ್ದಾಗ ನನ್ನ ಬಾಚಣಿಗೆಯನ್ನೂ ಕುದಿಸಿ ಸೊಟ್ಟ ಮಾಡಿಟ್ಟಿದ್ದಳು. ಅವಳ ಮನೆಯ ಕೆಳಗಿನ ಮನೆಯಲ್ಲೇ ನಾನಿರುವುದರಿಂದ ದಿನಕ್ಕೆ ಮೂರು ಸಲ ಮೆಟ್ಟಿಲು ಹತ್ತುತ್ತೇನೆ. ಹತ್ತಿದಾಗಲೆಲ್ಲ ಮೊದಲು ಕೈ ತೊಳೆಯಬೇಕು. ಇಷ್ಟೆಲ್ಲ ಮೊದಲೇ ಹೇಳುತ್ತಿರುವುದೇಕೆಂದರೆ, ಮುಂದೆ ನಡೆದದ್ದಕ್ಕೆ ಅವಳೊಬ್ಬಳನ್ನೇ ಬೈಯುವಂತಿಲ್ಲ. ಪಾತ್ರೆಯ ಮುಚ್ಚಳ ಹಿಡಿದು ಪಕ್ಕದಲ್ಲಿ ನಿಂತವಳು ನಾನು.

ಭಾವ ಹಡಗಿನ ಎಂಜಿನ್ ಕೋಣೆಯಲ್ಲಿ ಪಂಪು ನೋಡಿಕೊಳ್ಳುವವರು. ಮದುವೆಯಾಗಿ ಮೂವತ್ತು ವರ್ಷ. ವರ್ಷಕ್ಕೆ ಎರಡು ತಿಂಗಳ ರಜೆ ಲೆಕ್ಕ ಹಿಡಿದರೆ ಇವರಿಬ್ಬರು ಒಂದೇ ಸೂರಿನ ಕೆಳಗೆ ಇದ್ದದ್ದು ಐದು ವರ್ಷ. ರಜೆ ಮುಗಿದಾಗಲೆಲ್ಲ ಭಾವ, "ಇನ್ನೊಂದು ಸಲ ಹೋಗಿಬರ್ಲಾ?" ಎಂದು ಕೇಳುವರು. ಅಕ್ಕ, "ನಿಮ್ಮಿಷ್ಟ" ಎನ್ನುವಳು. ಭಾವ ಬ್ಯಾಗು ಎತ್ತುವರು. ವಯಸ್ಸಾಯಿತೆಂದು ಕಂಪನಿಯವರು ಅವರನ್ನು ಈ ವರ್ಷ ಪೂರ್ತಿಯಾಗಿ ಮನೆಗೆ ಕಳಿಸಿದಾಗ ಖುಷಿಗೆ ಅಕ್ಕನ ಕಾಲು ಮೊದಲ ವಾರ ನೆಲದ ಮೇಲೆ ನಿಲ್ಲಲಿಲ್ಲ. ಎರಡನೆಯ ವಾರ ಕಳೆಯುವಷ್ಟರಲ್ಲಿ ಅವಳ ಮುಖ ಬಾಡಿತು. ಭಾವ ಬೆಳಗಿನ ಚಹಾ ಕುಡಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕಿಟಕಿಯ ಬಳಿ ನಿಂತರೆ ಊಟದ ಹೊತ್ತಿನವರೆಗೂ ರಸ್ತೆ ನೋಡುತ್ತಿದ್ದರು. ನೆಂಟರ ಮನೆಗೆ ಬಂದು ಬಸ್ಸಿಗೆ ಕಾಯುವವರ ಹಾಗೆ.

ಅಷ್ಟರಲ್ಲಿ ಅವರ ಹಳೆಯ ಚೀಫ್ ಎಂಜಿನಿಯರ್ ಫೋನ್ ಮಾಡಿದರು. ದೂರದ ಬಂದರೊಂದರಲ್ಲಿ ಪಂಪ್‌ಹೌಸಿಗೆ ಅನುಭವಸ್ಥರು ಬೇಕಂತೆ, ಇರಲು ಕೋಣೆಯನ್ನೂ ಕೊಡುತ್ತಾರಂತೆ, ಮೂರು ತಿಂಗಳು ಬಿಟ್ಟು ಸೇರಿದರೆ ಸಾಕಂತೆ. ಭಾವ ಊಟಕ್ಕೆ ಕೂತಾಗ ಈ ಸುದ್ದಿ ಹೇಳಿ, ಅಕ್ಕನ ಕಡೆ ನೋಡಿದರು. ಅಕ್ಕ ತಟ್ಟೆಯಿಂದ ತಲೆ ಎತ್ತದೆ, "ನಿಮ್ಮಿಷ್ಟ" ಎಂದಳು. ಊಟವಾದ ಮೇಲೆ ಭಾವ, ಬರುತ್ತೇನೆಂದು ಫೋನ್ ಮಾಡಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕನನ್ನು ಕೆಳಗೆ ನಮ್ಮ ಮನೆಗೆ ಎಳೆದುಕೊಂಡು ಬಂದು ಕೇಳಿದೆ. "ಹೋಗ್ಬೇಡಿ ಅನ್ನೋದಕ್ಕೆ ಬಾಯಿಗೇನಾಗಿತ್ತು ನಿಂಗೆ?"

"ಮೂವತ್ತು ವರ್ಷ ಕೇಳಿಲ್ಲ ಕಣೆ," ಎಂದಳು ಅಕ್ಕ. "ಈಗ ಕೇಳಿ, ಅವರು ಮನಸ್ಸಿಲ್ಲದೆ ಉಳ್ಕೊಂಡ್ರೆ? ದಿನಾ ಆ ಮುಖ ನೋಡೋಕೆ ನಂಗಾಗಲ್ಲ. ಇಲ್ಲಿರಬೇಕು ಅಂತ ಅವರಿಗೇ ಅನ್ನಿಸ್ಬೇಕು."

"ಅದು ಹೇಗನ್ನಿಸುತ್ತೆ?"

"ಅವರಿಗೆ ಸಮುದ್ರದ ನೆನಪು. ಅದನ್ನೇ ಮನೆಗೆ ತರ್ತೀನಿ."

ಅವಳ ತಲೆ ಕೆಟ್ಟಿದೆ ಎಂದುಕೊಂಡೆ. ಆದರೆ ಮೂರನೆಯ ದಿನ ಆಸ್ಪತ್ರೆಯ ಮಕ್ಕಳ ವಾರ್ಡಿನಿಂದ ಮೀನು ಸಾಕುವ ಒಂದು ಗಾಜಿನ ತೊಟ್ಟಿ ಬಂತು. ನಾಲ್ಕಡಿ ಉದ್ದ, ಒಂದು ಮೂಲೆಯಲ್ಲಿ ಅಂಟಿಸಿದ ಕಾರ್ಟೂನು ಚಿತ್ರ. ವಾರ್ಡು ರಿಪೇರಿ ಮಾಡುವಾಗ ಎಸೆಯಲಿದ್ದದ್ದನ್ನು ಅಕ್ಕ ಕೇಳಿ ಪಡೆದಿದ್ದಳು. ಸಾಕುಮೀನು ಮಾರುವ ಅಂಗಡಿಯವನು, "ಅಮ್ಮಾ, ಸಿಹಿನೀರಿನ ಮೀನು ಸಾಕಿ, ಸುಲಭ. ಉಪ್ಪುನೀರು, ಹವಳ, ಇದೆಲ್ಲ ಸಿಕ್ಕಾಪಟ್ಟೆ ತಾಳ್ಮೆ ಕೇಳುತ್ತೆ," ಎಂದು ಬುದ್ಧಿ ಹೇಳಿ ನೋಡಿದ. ಆದರೆ ಅಕ್ಕ ಕೈ ತೊಳೆದುಕೊಂಡು ಅವನ ಬೆನ್ನು ಹತ್ತಿದಳು. ಕೊನೆಗೆ ಅವನೇ ಸೋತು, ಉಪ್ಪಿನ ಪುಡಿ, ಹೀಟರು, ಪಂಪುಗಳು, ಮರಳು ಎಲ್ಲ ತಂದುಕೊಟ್ಟ.

ಫಿಲ್ಟರಿನ ನೀರಿಗೆ ಉಪ್ಪು ಕದಡಿ, ಒಂದು ದಿನ ತಿರುಗಲು ಬಿಟ್ಟು, ಉಪ್ಪಿನ ಅಳತೆ ಸರಿಯಾದ ಮೇಲೆ ತೊಟ್ಟಿ ತುಂಬಿಸಬೇಕು. ಅಕ್ಕ ಬಕೆಟ್ಟಿನ ಮುಂದೆ ಕೂತು, ಭಾವನನ್ನು ಕರೆದು, "ನೋಡ್ರಿ, ನಿಮ್ಮ ಸಮುದ್ರ," ಎಂದಳು. ಅವಳ ದನಿಯಲ್ಲಿದ್ದ ಆಸೆ ನನಗೂ ಕೇಳಿಸಿತು.

ಭಾವ ಬಗ್ಗಿ ನೋಡಿ ತಲೆ ಕೆರೆದುಕೊಂಡರು. "ನಾನೆಲ್ಲಿ ಸಮುದ್ರ ನೋಡಿದೀನಿ? ಎಂಜಿನ್ ಕೋಣೆ ಇರೋದು ಹಡಗಿನ ತಳದಲ್ಲಿ. ಒಂದು ಕಿಟಕೀನೂ ಇಲ್ಲ. ಮೂವತ್ತು ವರ್ಷ ನಾನು ನೋಡಿದ್ದು ಪೈಪು."

ಅಕ್ಕನ ಮುಖ ಸಣ್ಣಗಾಯಿತು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಭಾವ ಅಲ್ಲಿಂದ ಎದ್ದು ಹೋಗಲಿಲ್ಲ. ಕಿವಿ ಓರೆ ಮಾಡಿ ಕೇಳಿ, "ಈ ಪಂಪು ಗೊರಗೊರ ಅಂತಿದೆ. ಗಾಳಿ ಎಳೀತಿದೆ," ಎಂದು ಅಂಗಿಯ ತೋಳು ಮಡಿಸಿ ಬಕೆಟ್ಟಿಗೆ ಕೈ ಹಾಕಿದರು. ಸಂಜೆಯ ಹೊತ್ತಿಗೆ ಹಳೆಯ ಚಪ್ಪಲಿಯ ರಬ್ಬರು ಕತ್ತರಿಸಿ ಪಂಪಿನ ಕೆಳಗೆ ಮೆತ್ತೆ ಇಟ್ಟಿದ್ದರು, ಪೈಪುಗಳನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸಿದ್ದರು. ಮರುದಿನ ಅವರು ಕಿಟಕಿಯ ಬಳಿ ನಿಲ್ಲಲಿಲ್ಲ.

ಆಮೇಲೆ ಬಂದವು ಕಲ್ಲುಗಳು. ಸಮುದ್ರದಲ್ಲಿ ಬೆಳೆಸಿದ, ತೂತುತೂತಾದ, ನೇರಳೆ ಬಣ್ಣದ ಕಲ್ಲುಗಳು. "ಇದರೊಳಗೆ ಕಣ್ಣಿಗೆ ಕಾಣದ ಜೀವಗಳಿರುತ್ತವೆ," ಎಂದ ಅಂಗಡಿಯವನು. "ನೀರನ್ನ ಶುದ್ಧ ಮಾಡೋದು ಅವೇ. ಆರು ವಾರ ಬಿಡಿ. ಅಮೋನಿಯಾ ಇಲ್ಲ ಅಂತ ಪರೀಕ್ಷೆಲಿ ಬಂದ್ಮೇಲೆ ಮೀನು ಬಿಡಬಹುದು." ಭಾವ ಎಲ್ಲವನ್ನೂ ಕೇಳಿಸಿಕೊಂಡರು. ಅಕ್ಕನ ಕಿವಿಗೆ ಬಿದ್ದದ್ದು ಕಣ್ಣಿಗೆ ಕಾಣದ ಜೀವಗಳು ಎಂಬುದಷ್ಟೇ. ಮೂವತ್ತೊಂದು ವರ್ಷ ಅವುಗಳ ಜೊತೆ ಹಗೆ ಸಾಧಿಸಿದವಳು ಅವಳು.

ಭಾವ ಕ್ಷೌರಕ್ಕೆಂದು ಹೊರಗೆ ಹೋದರು. ಅದೇ ಹೊತ್ತಿಗೆ ಒಂದು ಕಲ್ಲಿನ ತೂತಿನಿಂದ ಬೆರಳುದ್ದದ ಹುಳು ತಲೆ ಹೊರಗೆ ಹಾಕಿ ಅಕ್ಕನನ್ನು ನೋಡಿತು. ಅಕ್ಕ ಹಿಂದುಮುಂದು ಯೋಚಿಸಲಿಲ್ಲ. ಬ್ರಷ್ಷಿನಿಂದ ಕಲ್ಲುಗಳನ್ನು ಗಸಗಸ ಉಜ್ಜಿದಳು, ದೊಡ್ಡ ಪಾತ್ರೆಯಲ್ಲಿ ನೀರು ಮರಳಿಸಿ ಒಂದೊಂದಾಗಿ ಇಳಿಸಿದಳು. "ಮೇಲಿನ ಕೊಳೆ ಹೋದ್ರೆ ಒಳಗಿನ ಒಳ್ಳೇವು ಇನ್ನೂ ಚೆನ್ನಾಗಿರ್ತವೆ," ಎಂದಳು. ಆ ಕ್ಷಣಕ್ಕೆ ನನಗೂ ಅದು ಸರಿ ಅನ್ನಿಸಿತು. ನನ್ನ ಬುದ್ಧಿಯೂ ಅಷ್ಟೇ. ಅಡುಗೆಮನೆಯೆಲ್ಲ ಏಡಿ ಬೇಯಿಸಿದ ವಾಸನೆ. ಭಾವ ಬರುವಷ್ಟರಲ್ಲಿ ಕಿಟಕಿ ತೆರೆದು, ಕಲ್ಲು ಆರಿಸಿ, ತೊಟ್ಟಿಯಲ್ಲಿ ಜೋಡಿಸಿ, ಇಬ್ಬರೂ ಏನೂ ಅರಿಯದವರಂತೆ ಕೂತಿದ್ದೆವು. ಭಾವ ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದರು.

ಅಲ್ಲಿಂದ ದಿನಾ ಬೆಳಗ್ಗೆ ಏಳಕ್ಕೆ ನೀರಿನ ಪರೀಕ್ಷೆ. ಪುಟ್ಟ ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ಹಿಡಿದು ಅಕ್ಕ ಔಷಧಿಯ ಹನಿ ಹಾಕುವಳು, ಭಾವ ಅದನ್ನು ಬೆಳಕಿಗೆ ಹಿಡಿಯುವರು. ಹಳದಿಯಾದರೆ ನೀರು ಸರಿ, ಹಸಿರಾದರೆ ವಿಷ. ರೋಗಿಯ ಮಂಚಕ್ಕೆ ತೂಗುಹಾಕುವಂಥ ಒಂದು ಪಟ್ಟಿಯನ್ನು ಅಕ್ಕ ಗೋಡೆಗೆ ಅಂಟಿಸಿ ಬರೆಯತೊಡಗಿದಳು. ಹಸಿರು, ಹಸಿರು, ಕಡುಹಸಿರು. ಇವರಿಬ್ಬರೂ ಆ ಕೊಳವೆಯ ಮೇಲೆ ತಲೆಗೆ ತಲೆ ತಾಗಿಸಿ, "ಇವತ್ತು ಸ್ವಲ್ಪ ತಿಳಿಯಾಗಿದೆ," "ಇಲ್ಲ, ನಿನ್ನೆ ಹಾಗೇ ಇದೆ," ಎಂದು ಜಗಳವಾಡುವರು. ತೀರ್ಪಿಗೆ ನನ್ನನ್ನು ಕೆಳಗಿನಿಂದ ಕೂಗುವರು. ಹಲ್ಲುಜ್ಜುತ್ತಲೇ ಮೆಟ್ಟಿಲು ಹತ್ತಿ ಬರುತ್ತಿದ್ದ ನನಗೆ ಒಂದು ದಿನ ಹೊಳೆಯಿತು: ಮೂವತ್ತು ವರ್ಷದಲ್ಲಿ ಈ ಇಬ್ಬರು ಸೇರಿ ಮಾಡಿದ ಮೊದಲನೆಯ ಕೆಲಸ ಇದು.

ಎಂಟು ವಾರ ಕಳೆದರೂ ಹಸಿರು ಹೋಗಲಿಲ್ಲ. ಭಾವ ಹೊರಡಬೇಕಾದ ದಿನಕ್ಕೆ ಮೂರೇ ವಾರ ಉಳಿದಿತ್ತು. ಅಕ್ಕ ನನ್ನನ್ನು ಕರೆದುಕೊಂಡು ಅಂಗಡಿಗೆ ಹೋಗಿ, ಕಳ್ಳತನ ಒಪ್ಪಿಕೊಳ್ಳುವವರಂತೆ ನೆಲ ನೋಡುತ್ತಾ ಎಲ್ಲವನ್ನೂ ಹೇಳಿದಳು. ಅಂಗಡಿಯವನು ಹಣೆ ಚಚ್ಚಿಕೊಂಡ.

"ಬೇಯಿಸಿದ್ರಾ? ಅಮ್ಮಾ, ಜೀವ ಇದೆ ಅಂತ ಅಲ್ವಾ ನಾನು ಕೊಟ್ಟಿದ್ದು. ಕೆಲವು ಕಲ್ಲಲ್ಲಿ ವಿಷದ ಜೀವಗಳೂ ಇರ್ತವೆ, ಆ ಹಬೆ ಕುಡಿದಿದ್ರೆ ನಿಮ್ಮ ಆಸ್ಪತ್ರೇಲೇ ನೀವು ಮಲಗಬೇಕಾಗ್ತಿತ್ತು. ಈಗ ಸತ್ತದ್ದೆಲ್ಲ ಒಳಗೇ ಕೊಳೀತಿದೆ. ಅದನ್ನ ತಿನ್ನೋ ಜೀವ ಒಂದೂ ಉಳಿದಿಲ್ಲ."

ತನ್ನ ತೊಟ್ಟಿಯಿಂದ ಎರಡು ಹಸಿ ಕಲ್ಲು ತೆಗೆದು ಕೊಟ್ಟು, ಇನ್ನೂ ಆರು ವಾರ ಎಂದ. ಅಕ್ಕ ಅವನ್ನು ಊಟದ ಡಬ್ಬಿಯಲ್ಲಿ ಉಪ್ಪುನೀರಿನೊಳಗಿಟ್ಟು ತಂದು, ಭಾವ ಸ್ನಾನಕ್ಕೆ ಹೋದಾಗ ತೊಟ್ಟಿಯ ಹಿಂಬದಿಗೆ ಸೇರಿಸಿದಳು. ದಾರಿಯುದ್ದಕ್ಕೂ ಅವಳು ಒಂದೇ ಮಾತು ಹೇಳುತ್ತಿದ್ದಳು: "ನಾನೇ ಕೊಂದೆ ಕಣೆ. ಶುದ್ಧ ಮಾಡ್ತೀನಿ ಅಂತ ಕೊಂದೆ." ಅವಳ ಕೈಗಳನ್ನು ನೋಡಿದೆ. ಬಿಸಿನೀರಿಗೆ ಸುಲಿದು ಸುಲಿದು ಗೆರೆಗಳೇ ಅಳಿಸಿಹೋದ ಕೈಗಳು. ಎಷ್ಟೋ ಜನ ಬದುಕಿಕೊಂಡದ್ದು ಆ ಕೈಗಳಿಂದ. ಅದನ್ನು ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಹೊರಡುವ ದಿನಕ್ಕೆ ಮುಂಚಿನ ವಾರ ಭಾವ ಅಟ್ಟದಿಂದ ಬ್ಯಾಗು ಇಳಿಸಿ ಬಾಗಿಲ ಪಕ್ಕ ಇಟ್ಟರು. ಅಕ್ಕ ಅದನ್ನು ನೋಡಿದಳು, ಅಂಗಿಗಳನ್ನೆಲ್ಲ ಇಸ್ತ್ರಿ ಮಾಡಿ ಮಂಚದ ಮೇಲಿಟ್ಟಳು. ಬಾಯಿಗೆ ಮಾತ್ರ ಬೀಗ. ನನಗೋ ಒಬ್ಬರ ತಲೆಯನ್ನು ಇನ್ನೊಬ್ಬರ ತಲೆಗೆ ಕುಟ್ಟಬೇಕೆನ್ನಿಸುತ್ತಿತ್ತು.

ಹೊರಡುವ ದಿನ ಬೆಳಗ್ಗೆ ಏಳಕ್ಕೆ ಎಂದಿನಂತೆ ಪರೀಕ್ಷೆ ನಡೆಯಿತು. ಭಾವ ಕೊಳವೆಯನ್ನು ಕಿಟಕಿಗೆ ಹಿಡಿದರು. ಹಸಿರೇ, ಸ್ವಲ್ಪ ತಿಳಿಹಸಿರು. ಅಕ್ಕ ಪಟ್ಟಿಯಲ್ಲಿ ಬರೆಯಲು ಪೆನ್ನೆತ್ತಿದವಳು ಬರೆಯಲಿಲ್ಲ.

"ರೀ, ಇದು ಸರಿಹೋಗದೆ ಇರೋದಕ್ಕೆ ನಾನೇ ಕಾರಣ," ಎಂದಳು. "ನೀವು ಕ್ಷೌರಕ್ಕೆ ಹೋದಾಗ ಕಲ್ಲುಗಳನ್ನ ಕುದಿಸಿಬಿಟ್ಟೆ. ಇಲ್ಲದಿದ್ರೆ ಇಷ್ಟೊತ್ತಿಗೆ ಮೀನು ಇರ್ತಿದ್ವು. ಹೋಗೋದ್ರೊಳಗೆ ನೀವು ಅದನ್ನ ನೋಡ್ಬೇಕು ಅಂತಿದ್ದೆ."

"ಗೊತ್ತು," ಎಂದರು ಭಾವ.

"ಏನು ಗೊತ್ತು?"

"ಕುದಿಸಿದ್ದು. ಮೂವತ್ತು ವರ್ಷ ಹಬೆ ಪೈಪುಗಳ ಮಧ್ಯೆ ಇದ್ದವನು ನಾನು, ಬಾಗಿಲಲ್ಲೇ ವಾಸನೆ ಬಡೀತು. ನೇರಳೆ ಕಲ್ಲು ನಾಲ್ಕು ದಿನಕ್ಕೆ ಸುಣ್ಣದ ಹಾಗೆ ಬೆಳ್ಳಗಾಯ್ತು. ಆಮೇಲೆ ಊಟದ ಡಬ್ಬಿಲಿ ತಂದದ್ದೂ ಗೊತ್ತು."

ಅಕ್ಕ ಕಣ್ಣು ಬಿಟ್ಟು ನೋಡಿದಳು. "ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

ಭಾವ ಕೊಳವೆಯನ್ನು ನಿಧಾನವಾಗಿ ಅದರ ಜಾಗದಲ್ಲಿಟ್ಟರು. "ಹೇಳಿದ್ರೆ ನೀನು ಅವತ್ತೇ ಬೇರೆ ಕಲ್ಲು ತರ್ತಿದ್ದೆ. ಆರು ವಾರಕ್ಕೆ ನೀರು ಸರಿಹೋಗ್ತಿತ್ತು. ಆಮೇಲೆ ದಿನಾ ಬೆಳಗ್ಗೆ ನನ್ನನ್ನ ಯಾಕೆ ಕರೀತಿದ್ದೆ ನೀನು?"

ಅಕ್ಕ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ನಾನು ಅಲ್ಲಿರಬಾರದಿತ್ತು, ಆದರೆ ಕದಲಲೂ ಆಗಲಿಲ್ಲ. ಕಡೆಗೆ ಅಕ್ಕ, ಹೊಸ ಭಾಷೆ ಕಲಿಯುವವಳ ಹಾಗೆ ತಡೆದು ತಡೆದು, "ಹೋಗ್ಬೇಡಿ," ಎಂದಳು.

"ಸರಿ," ಎಂದರು ಭಾವ.

ಅಷ್ಟೇ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡನ್ನೂ ಮುಚ್ಚಿಕೊಳ್ಳಲು ಬ್ಯಾಗನ್ನು ಅಟ್ಟಕ್ಕೆ ಸೇರಿಸೋಣವೆಂದು ಬಾಗಿಲ ಬಳಿ ಹೋಗಿ ಜೋರಾಗಿ ಎತ್ತಿದೆ. ಹಿಂದಕ್ಕೆ ಬೀಳುವುದರಲ್ಲಿದ್ದೆ. ಬ್ಯಾಗಿನಲ್ಲಿ ಏನೂ ಇರಲಿಲ್ಲ. ಒಳಗೆ ಹೋಗಿ ನೋಡಿದರೆ, ಇಸ್ತ್ರಿ ಮಾಡಿದ ಅಂಗಿಗಳೆಲ್ಲ ಮಂಚದಿಂದ ಮತ್ತೆ ಬೀರು ಸೇರಿ ತೂಗುತ್ತಿದ್ದವು.

"ಭಾವ, ಇದು ಖಾಲಿ."

"ಹೂಂ. ಬರಲ್ಲ ಅಂತ ಚೀಫ್‌ಗೆ ಹೇಳಿ ಹತ್ತು ದಿನವಾಯ್ತು."

"ಮತ್ತೆ ಬ್ಯಾಗು ಯಾಕೆ ಇಳಿಸಿದ್ರಿ?"

ಭಾವ ಅಕ್ಕನ ಕಡೆ ನೋಡಿ, "ಬ್ಯಾಗು ನೋಡಿದ್ರೆ ಕೇಳ್ತೀಯೇನೋ ಅಂದ್ಕೊಂಡೆ," ಎಂದರು. "ಪ್ರತಿ ಸಲಾನೂ ಅಂದ್ಕೊಳ್ತಿದ್ದೆ."

ಒಂದು ತಿಂಗಳ ನಂತರ ಕೊಳವೆ ಹಳದಿಯಾಯಿತು. ಅದಕ್ಕೂ ಮುಂಚೆ ಗಾಜಿಗೆ, ಮರಳಿಗೆ ಕಂದು ಪಾಚಿ ಕಟ್ಟಿತ್ತು. ಅಕ್ಕ ಬಟ್ಟೆ ಹಿಡಿದು ಓಡಿದಾಗಲೆಲ್ಲ ಭಾವ ಅವಳ ಕೈ ಹಿಡಿದು ಕೂರಿಸುತ್ತಿದ್ದರು, ಇದು ಬರಬೇಕಾದದ್ದೇ ಎಂದು. ಪಾಚಿ ತಿನ್ನಲು ಮೊದಲು ಬಸವನಹುಳುಗಳು ಬಂದವು. ಆಮೇಲೆ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಎರಡು ಪುಟ್ಟ ಮೀನುಗಳು, ಅಂಗಿಯ ಗುಂಡಿಯಷ್ಟಿದ್ದ ಒಂದು ಮೆತ್ತನೆಯ ಹವಳ. ಮೀನನ್ನು ಒಮ್ಮೆಲೇ ಹೊಸ ನೀರಿಗೆ ಬಿಡಬಾರದು, ತೊಟ್ಟಿಯ ನೀರನ್ನು ಅದರ ಬಕೆಟ್ಟಿಗೆ ಹನಿಹನಿಯಾಗಿ ಸೇರಿಸಬೇಕು. ಭಾವ ಪೈಪಿಗೆ ಗಂಟು ಹಾಕಲು ಹೊರಟರು. ಅಕ್ಕ ಅವರನ್ನು ಸರಿಸಿ, ಎಲ್ಲಿಂದಲೋ ಒಂದು ಹೊಸ ಡ್ರಿಪ್ ಸೆಟ್ ತಂದು ಸಿಕ್ಕಿಸಿ, ಅದರ ಚಕ್ರ ತಿರುಗಿಸಿ, ಗಡಿಯಾರ ನೋಡಿಕೊಂಡು ಹನಿ ಎಣಿಸಿದಳು. ಒಂದು ಗಂಟೆ ಇಬ್ಬರೂ ಆ ಬಕೆಟ್ಟಿನ ಆಚೆಗೊಬ್ಬರು ಈಚೆಗೊಬ್ಬರು ನೆಲದ ಮೇಲೆ ಕೂತಿದ್ದರು. ಮೀನುಗಳು ತೊಟ್ಟಿಗಿಳಿದು, ಕುದಿಸಿದ ಬಿಳಿ ಕಲ್ಲಿನ ಸಂದಿಯನ್ನೇ ಮನೆ ಮಾಡಿಕೊಂಡವು. ಆ ಕಲ್ಲಿನ ಒಂದು ಮೂಲೆಯಲ್ಲಿ ಈಗ ನೇರಳೆಯ ಚುಕ್ಕೆಯೊಂದು ಮೂಡಿದೆ. ನೋಡಲು ಹೋದವರಿಗೆಲ್ಲ ಅಕ್ಕ ಮೀನಿಗಿಂತ ಮೊದಲು ಅದನ್ನು ತೋರಿಸುತ್ತಾಳೆ.

ಮೊನ್ನೆ ನಾನು ಅಲ್ಲೇ ಇದ್ದೆ. ಭಾವ ತಲೆ ಸವರಿಕೊಂಡು, "ಕೂದಲು ಬೆಳೆದಿದೆ. ಕ್ಷೌರದಂಗಡಿಗೆ ಹೋಗಿಬರ್ಲಾ?" ಎಂದರು. ಅಂಗಡಿ ಇರುವುದು ಬೀದಿಯ ಕೊನೆಯಲ್ಲಿ, ಹೋಗಿಬರಲು ಅರ್ಧ ಗಂಟೆ ಸಾಕು. ಅಕ್ಕ ಬಾಗಿಲವರೆಗೆ ಬಂದು, "ಬೇಗ ಬನ್ನಿ," ಎಂದಳು.