ಮರುದಿನ ಬೆಳಿಗ್ಗೆಯ ಪರಿಮಳ

ಕಾಗದ ಮೂಸುವ ಜನರನ್ನು ನಾನು ಮೊದಲು ಕಂಡದ್ದು ಮಣಿಪಾಲದ ಒಂದು ಸೆಂಟಿನ ಅಂಗಡಿಯಲ್ಲಿ. ಬೆರಳಗಲದ ಬಿಳಿ ಪಟ್ಟಿಗೆ ಬಾಟಲಿಯಿಂದ ಒಂದು ಸಲ ಚುಸ್ಸೆನ್ನಿಸುವುದು, ಗಾಳಿಯಲ್ಲಿ ಆಡಿಸಿ ಮೂಗಿಗೆ ಹಿಡಿದು ಕಣ್ಣು ಮುಚ್ಚುವುದು, ಆಮೇಲೆ ಅದನ್ನು ಕಸದ ಬುಟ್ಟಿಗೆ ಹಾಕಿ ಇನ್ನೊಂದು ಕೇಳುವುದು. ಆ ಬುಟ್ಟಿ ಖಾಲಿ ಮಾಡುವ ಕೆಲಸ ನನ್ನದು. ನಮ್ಮ ರೋಣದ ಕಡೆ ಒಂದು ಹನಿ ಅತ್ತರು ಸಿಕ್ಕರೆ ಹತ್ತಿಯಲ್ಲಿ ಅದ್ದಿ ಕಿವಿಯ ಸಂದಿಯಲ್ಲಿಟ್ಟುಕೊಂಡು ಮೂರು ದಿನ ಮೆರೆಯುತ್ತೇವೆ. ಇಲ್ಲಿ ಅದನ್ನು ಕಾಗದಕ್ಕೆ ಹಾಕಿ ಬಿಸಾಡುತ್ತಾರೆ! ಹೊಟ್ಟೆ ಉರಿದು ನಾನು ಆ ಪಟ್ಟಿಗಳನ್ನು ಸೆರಗಿನ ಗಂಟಿನಲ್ಲಿ ಕಟ್ಟಿ ಮನೆಗೆ ತಂದು ಮಗಳ ಪಠ್ಯಪುಸ್ತಕದ ಹಾಳೆಗಳ ನಡುವೆ ಇಡುತ್ತಿದ್ದೆ. ಅವಳ ಎರಡನೇ ತರಗತಿಯ ಗಣಿತ ಪುಸ್ತಕ ಇಡೀ ಶಾಲೆಗೆ ಘಮಘಮಿಸಿತಂತೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಗೌಂಡಿ ಕೆಲಸದ ನಮ್ಮ ಮನೆಯವರು ಊರಿನ ಹತ್ತು ಜನರ ಜೊತೆ ಇಲ್ಲಿ ಹಾಸ್ಟೆಲ್ ಕಟ್ಟಲು ಬಂದವರು. ಪಕ್ಕದ ಪರ್ಕಳದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆವು. ಊರಲ್ಲಿ ಒಗೆದ ಬಟ್ಟೆ ಒಂದು ತಾಸಿನಲ್ಲಿ ಹಪ್ಪಳವಾಗುತ್ತದೆ. ಇಲ್ಲಿ ಮಳೆಗಾಲದಲ್ಲಿ ನಾಲ್ಕು ದಿನ ಹರವಿದರೂ ಒದ್ದೆ, ಕೊನೆಗೆ ಮುಗ್ಗಲು ವಾಸನೆ. ಬತ್ತವನ್ನು ಬೇಯಿಸಿ ಒಣಗಿಸಿ ತೆಗೆದ ಕುಚ್ಚಲಕ್ಕಿಯ ದಪ್ಪ ಅನ್ನ ಗಂಟಲಿಗಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಅಕ್ಕಪಕ್ಕದವರು ತಮ್ಮೊಳಗೆ ತುಳು ಮಾತಾಡುತ್ತಿದ್ದರು. ನನ್ನ ಜೊತೆಗೆ ಆಡುವಾಗ ಪುಸ್ತಕ ಓದಿದಂತೆ ತಿದ್ದಿ ತೀಡಿದ ಕನ್ನಡ. ನಾನು ಬಾಯಿ ತೆರೆದರೆ ಮಾತ್ರ ನಗು. ಕನ್ನಡ ನಾಡಿನಲ್ಲೇ ಕನ್ನಡ ಆಡಲು ಹೆದರಿ ಮೂಕಿಯಂತೆ ತಿರುಗಿದ್ದೇನೆ ಎಂದರೆ ನೀವು ನಂಬಲಿಕ್ಕಿಲ್ಲ. ಎಷ್ಟೋ ಮಧ್ಯಾಹ್ನ ಒಬ್ಬಳೇ ಕೂತು ಅತ್ತಿದ್ದೇನೆ.

ಕಸ ಗುಡಿಸಲು ಸೇರಿದ್ದು ಸುಮತಿಯಕ್ಕನ ಅಂಗಡಿಗೆ. ಹನ್ನೆರಡು ವರ್ಷ ದುಬೈಯಲ್ಲಿದ್ದು ಬಂದ ಹೆಂಗಸು. ಹೆಂಗಸರ ದುಬಾರಿ ಸೆಂಟುಗಳನ್ನೇ ಗಾಜಿನ ಕಪಾಟುಗಳಲ್ಲಿ ಸಾಲಾಗಿ ಇಟ್ಟಿದ್ದಳು. ದಿನವೂ ಧೂಳು ಒರೆಸುವಾಗ ನಾನು ಮುಚ್ಚಳದ ಹತ್ತಿರ ಮೂಗು ಒಯ್ದು ಒಂದೊಂದನ್ನೂ ಪರಿಚಯ ಮಾಡಿಕೊಂಡೆ. ಹೆಸರುಗಳು ನನ್ನ ನಾಲಗೆಗೆ ಹತ್ತುವಂಥವಲ್ಲ, ನಾನೇ ಹೆಸರಿಟ್ಟೆ. ಉದ್ದ ಕುತ್ತಿಗೆಯ ನೀಲಿ ಬಾಟಲಿ 'ಸೌತೀಕಾಯಿ': ಆಗಷ್ಟೇ ಹೆಚ್ಚಿದ ಹೋಳಿನ ತಂಪು, ಕಾಲೇಜು ಹುಡುಗಿಯರಿಗೆ ಬಲು ಇಷ್ಟ. ಇನ್ನೊಂದು 'ಬೆಲ್ಲದ ಪಾಕ', ಅದನ್ನು ಮೂಸಿದರೆ ಹಸಿವಾಗುತ್ತಿತ್ತು. ಚೌಕ ಬಾಟಲಿಯ ಹಳದಿ ಸೆಂಟು 'ಗತ್ತಿನ ಹೆಂಗಸು'. ಬಾಗಿಲಲ್ಲೇ ನಿಂತು ನಿಮ್ಮ ಸೀರೆಯ ಅಂಚು ನೋಡಿ ಅಳೆಯುವಂಥದ್ದು. ಪೆಟ್ಟಿಗೆಯ ಮೇಲೆ ಮಲ್ಲಿಗೆಯ ಚಿತ್ರವಿದ್ದ ಒಂದು ಮಾತ್ರ ನನಗೆ ಸೇರಲಿಲ್ಲ. ಬೆಳಿಗ್ಗೆ ಶಂಕರಪುರದಿಂದ ಬಂದ ಮಲ್ಲಿಗೆ ಚೆಂಡನ್ನು ಬಾಳೆಲೆ ಬಿಚ್ಚಿ ಮೂಸಿದವರು ಆ ಚಿತ್ರಕ್ಕೆ ಮರುಳಾಗುವುದಿಲ್ಲ.

ಆ ವರ್ಷ ದೀಪಾವಳಿಗೆ ಮೊದಲು ಕೌಂಟರಿನ ಹುಡುಗಿ ಮದುವೆಯಾಗಿ ಹೋದಳು. ಹಾಸ್ಟೆಲ್ ಕೆಲಸವೂ ಮುಗಿಯಿತು. ತಿಂಗಳ ಕೊನೆಗೆ ಊರಿನ ಗುಂಪು ಲಾರಿ ಹತ್ತುವುದೆಂದು ತೀರ್ಮಾನವಾಯಿತು.

"ಮಂಗಳೂರಿಂದ ಒಬ್ಬಳು ಬರ್ತೇನೆ ಅಂತ ಹೇಳಿದ್ದಾಳೆ," ಎಂದಳು ಸುಮತಿಯಕ್ಕ. "ನಿನಗೂ ಮೂಗು ಒಳ್ಳೆದುಂಟು. ಸ್ವಲ್ಪ ದಿನ ಕೌಂಟರಲ್ಲಿ ನಿಲ್ಲು, ನೋಡುವ."

ಮನೆಗೆ ಬಂದು ನಮ್ಮವರಿಗೆ ಹೇಳಿದೆ. "ನಿನಗ ಆ ಕೆಲಸ ಸಿಕ್ರ ಉಳಿಯೂಣು, ನಾ ಇಲ್ಲೇ ಬ್ಯಾರೆ ಕೆಲಸ ಹುಡುಕತೀನಿ. ಇಲ್ಲಾಂದ್ರ ಗಂಟು ಕಟ್ಟು," ಎಂದರು. ಅಷ್ಟರಲ್ಲಿ ಮಗಳು ಅಂಗಳದಲ್ಲಿ ಗೆಳತಿಯರ ಜೊತೆ ತುಳುವಿನಲ್ಲಿ ಜಗಳವಾಡುವಷ್ಟು ಈ ಊರಿನವಳಾಗಿದ್ದಳು. ಅವಳನ್ನು ಶಾಲೆ ಬಿಡಿಸಿ ಮತ್ತೆ ಇನ್ನೊಂದು ಊರಿಗೆ ಎಳೆದುಕೊಂಡು ಹೋಗುವುದು ನನಗೆ ಸುತರಾಂ ಬೇಡವಾಗಿತ್ತು. ಆ ಕೌಂಟರ್ ನನಗೆ ಬೇಕೇ ಬೇಕಿತ್ತು.

ದೀಪಾವಳಿಯ ಅಂಗಡಿ ಪೂಜೆಯ ಸಂಜೆ ಬಂತು. "ಬಂದವರಿಗೆ ಸ್ವಲ್ಪ ಪರಿಮಳ ತೋರಿಸು," ಎಂದು ಹೇಳಿ ಸುಮತಿಯಕ್ಕ ಭಟ್ಟರ ಜೊತೆ ಒಳಗೆ ಹೋದಳು. ನಮ್ಮ ಕಡೆ ಶುಭಕಾರ್ಯಕ್ಕೆ ಬಂದವರನ್ನು ಹೇಗೆ ಎದುರುಗೊಳ್ಳುತ್ತೇವೆ ನಿಮಗೆ ಗೊತ್ತು: ಮುಂಗೈಗೆ ಅತ್ತರು ಸವರಿ, ತಲೆಯ ಮೇಲೆ ಪನ್ನೀರು ಚಿಮುಕಿಸಿ. ನಾನು ಹಾಗೇ ಮಾಡಿದೆ. ಕಪಾಟಿನ ಮೇಲೆ ಎಲ್ಲರೂ ಮೂಸಲೆಂದು ತೆರೆದಿಟ್ಟ ಬಾಟಲಿಗಳಿದ್ದವು, ಆದರೆ ಅವು ಅರ್ಧ ಮುಗಿದಿದ್ದವು. ಮನೆಗೆ ಬಂದವರಿಗೆ ಎಂಜಲು ಬಡಿಸುತ್ತಾರೆಯೇ? ಅದಕ್ಕೆ ಸೀಲು ಒಡೆಯದ ಹೊಸ ಪೆಟ್ಟಿಗೆ ತೆಗೆದೆ. ಅದೂ ಎಂಥದ್ದು, ಗತ್ತಿನ ಹೆಂಗಸು! ಒಬ್ಬೊಬ್ಬರ ಮುಂಗೈಗೆ ಎರಡು ಸಲ, ತಲೆಗೆ ಎರಡು ಸಲ. ಹೋಗುವವರಿಗೂ ಮತ್ತೊಮ್ಮೆ.

ಸುಮತಿಯಕ್ಕ ಹೊರಗೆ ಬಂದಾಗ ಅಂಗಡಿಯಲ್ಲಿ ಉಸಿರಾಡಲು ಜಾಗವಿರಲಿಲ್ಲ. ಒಬ್ಬರು ಸೀನುತ್ತಿದ್ದರು, ಕಾರ್ಕಳದ ಒಬ್ಬರು ನಿವೃತ್ತ ಟೀಚರಮ್ಮ ಹಣೆ ಹಿಡಿದುಕೊಂಡು ಮೆಟ್ಟಿಲಿಳಿಯುತ್ತಿದ್ದರು. ಬಾಟಲಿಯಲ್ಲಿ ತಳ ಕಾಣುತ್ತಿತ್ತು.

"ಎಂತ ಮಾಡಿದ್ದು ಮಾರಾಯ್ತಿ ನೀನು? ಹೊಸತು ಯಾಕೆ ಒಡೆದದ್ದು?"

"ಮಂದಿ ಮೂಸಿದ್ದನ್ನ ಬಂದವ್ರಿಗೆ ಹೆಂಗ ಕೊಡೂದ್ರಿ ಅಕ್ಕಾರ? ಎಂಜಲಾ ಅಲ್ಲೇನ್ರಿ?"

ಅವಳು ಬಾಟಲಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. "ನಾಳೆಯಿಂದ ಕೌಂಟರ್ ಬೇಡ ನಿನಗೆ. ಗುಡಿಸಿ ಒರೆಸಿ ಹೋಗು ಸಾಕು," ಎಂದಳು. ಪೂಜೆಯ ದಿನವೆಂದು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು. ಮನೆಗೆ ಹೋಗಿ ಪಾತ್ರೆಗಳನ್ನು ಚೀಲಕ್ಕೆ ತುಂಬಲು ಶುರುಮಾಡಿದೆ.

ಮರುದಿನ ಬೆಳಿಗ್ಗೆ ನಾನು ನೆಲ ಒರೆಸುತ್ತಿರುವಾಗ ಆ ಕಾರ್ಕಳದ ಟೀಚರ್ ಬಂದರು. ಮಣಿಪಾಲದ ತಂಗಿಯ ಮನೆಯಲ್ಲಿ ಉಳಿದಿದ್ದರಂತೆ. ಜಗಳಕ್ಕೇ ಬಂದರೆಂದು ನಾನು ಕಪಾಟಿನ ಹಿಂದೆ ಸರಿದೆ.

"ನಿನ್ನೆ ಹಾಕುವಾಗ ನನಗೆ ತಲೆನೋವೇ ಬಂತು," ಎಂದರು ಅವರು, ಸುಮತಿಯಕ್ಕನ ಮುಂದೆ ಮುಂಗೈ ಚಾಚಿ. "ಬೆಳಿಗ್ಗೆ ಏಳುವಾಗ ಇಲ್ಲಿ ಬೇರೆಯೇ ಒಂದು ಪರಿಮಳ ಉಂಟು. ನೋಡಿ. ಅದು ಯಾವುದು? ನನಗೆ ಅದು ಬೇಕು."

ಸುಮತಿಯಕ್ಕ ಒಂದಾದ ಮೇಲೆ ಒಂದು ಪಟ್ಟಿ ಮೂಸಲು ಕೊಟ್ಟಳು. ಟೀಚರ್ ಎಲ್ಲದಕ್ಕೂ ಅಲ್ಲವೆಂದು ತಲೆಯಾಡಿಸಿದರು. ನಿನ್ನೆಯ ಸೆಂಟನ್ನೇ ಕಾಗದಕ್ಕೆ ಹಾಕಿ ಕೊಟ್ಟರೂ "ಇದಲ್ಲ, ಇದು ತಲೆನೋವಿನದ್ದು" ಎಂದುಬಿಟ್ಟರು. ನನಗೆ ತಡೆಯಲಾಗಲಿಲ್ಲ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಅವರ ಮುಂಗೈ ಮೂಸಿದೆ. ಗತ್ತಿನ ಹೆಂಗಸು ಜಂಭವನ್ನೆಲ್ಲ ಇಳಿಸಿಟ್ಟು, ಬಿಸಿಲಿಗೆ ಹಾಕಿ ಒಳಗೆ ತಂದ ರೇಷ್ಮೆ ಸೀರೆಯಂತೆ ಬೆಚ್ಚಗೆ ಕೂತಿದ್ದಳು. ನನ್ನ ಮುಂಗೈಯಲ್ಲೂ ಬೆಳಿಗ್ಗೆ ಅದೇ ಇತ್ತು, ದುಃಖದಲ್ಲಿ ಗಮನ ಕೊಟ್ಟಿರಲಿಲ್ಲ.

"ಇದು ಅದೇ ಐತ್ರಿ ಟೀಚರ್," ಎಂದೆ. "ಬಾಟ್ಲಿ ಒಂದ. ಸಂಜಿಮುಂದ ಬ್ಯಾರೆ, ಮುಂಜಾನೆ ಬ್ಯಾರೆ. ಮೈಮ್ಯಾಲ ಇಟ್ಟು ಕಾಯಬೇಕ್ರಿ."

ಅವರು ನಕ್ಕರು, ಆದರೆ ನನ್ನ ಮಾತಿನ ಧಾಟಿಗಲ್ಲ. ಅದೇ ಸೆಂಟಿನ ಹೊಸ ಬಾಟಲಿ ಕಟ್ಟಿಸಿಕೊಂಡು ಹೋದರು.

ಅತ್ತರಿಗೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಹೊಳೆದದ್ದು ಅಂದು. ನಮ್ಮ ಅತ್ತರು ಸವರಿದಾಗ ಹೇಗೋ ಹೆಚ್ಚುಕಡಿಮೆ ಕೊನೆತನಕ ಹಾಗೇ. ಈ ಸೆಂಟುಗಳು ಮೊದಲ ಹತ್ತು ನಿಮಿಷ ಬರೀ ಸಡಗರ. ನಿಜವಾದ ಗುಣ ತಿಳಿಯಲು ಅವುಗಳ ಜೊತೆ ಒಂದು ದಿನ ಬಾಳಬೇಕು. ಇದನ್ನು ಸುಮತಿಯಕ್ಕನಿಗೆ ಹೇಳಿ, ಕಾಗದ ಬಿಟ್ಟು ಗಿರಾಕಿಗಳ ಕೈಗೇ ಹಾಕಿ, ಇವತ್ತು ಕೊಳ್ಳಬೇಡಿ, ನಾಳೆ ಬನ್ನಿ ಎಂದು ಕಳಿಸುತ್ತೇನೆ ಎಂದೆ.

"ಅಂಗಡಿಗೆ ಬಂದವರನ್ನು ಬರಿಗೈಲಿ ಕಳಿಸುವುದಾ? ಹೋದವರು ಪುನಃ ಬರ್ತಾರಾ?"

"ಒಂದು ವಾರ ನೋಡ್ರಿ ಅಕ್ಕಾರ."

"ಆಯ್ತು. ಒಂದೇ ವಾರ."

ಎರಡು ದಿನ ಯಾರೂ ಮರಳಲಿಲ್ಲ. ನಾನು ಬಾಗಿಲನ್ನೇ ನೋಡುತ್ತಿದ್ದೆ, ಸುಮತಿಯಕ್ಕ ನನ್ನನ್ನೇ ನೋಡುತ್ತಿದ್ದಳು. ಮೂರನೇ ದಿನ ಕಾಪುವಿನ ಒಬ್ಬಾಕೆ ಬಂದಳು. ಗಂಡ ಕೊಲ್ಲಿಯಿಂದ ತಂದ ಬಾಟಲಿಗಳನ್ನೆಲ್ಲ ಯಾರದೋ ಮದುವೆ ಬರಲೆಂದು ಕಪಾಟಿನಲ್ಲಿ ಪೂಜಿಸುತ್ತಿದ್ದವಳು. "ನೀವು ಹಾಕಿದ್ದು ಮೀನು ಸಾರು ಮಾಡುವಾಗಲೂ ಇತ್ತು ಮಾರಾಯ್ರೆ, ಖುಷಿಯಾಯ್ತು," ಎಂದಳು. ಮೊದಲ ಸಲ ತನಗೆಂದು ತಾನೇ ಒಂದನ್ನು ಕೊಂಡಳು. ಮರುದಿನ ತನ್ನ ಇಬ್ಬರು ನಾದಿನಿಯರನ್ನೂ ಕರೆತಂದಳು. ಬಾರದೇ ಹೋದವರೂ ಬೇಕಾದಷ್ಟಿದ್ದರು, ಸುಳ್ಳೇಕೆ ಹೇಳಲಿ. ವಾರ ಕಳೆಯಿತು. ಲಾರಿ ಹೊರಡುವ ಹಿಂದಿನ ದಿನ ಸುಮತಿಯಕ್ಕ ಕೌಂಟರಿನ ಬೀಗದ ಕೈ ನನ್ನ ಮುಂದಿಟ್ಟು, "ನಾಳೆ ಒಂಬತ್ತಕ್ಕೆ ತೆಗಿ," ಎಂದಳು.

ಊರಿನವರನ್ನು ಲಾರಿ ಹತ್ತಿಸಿ ಕೈಬೀಸುವಾಗ ನಮ್ಮವರ ಕಣ್ಣು ತುಂಬಿತ್ತು. ನನ್ನದು ತುಂಬಲಿಲ್ಲ, ನನಗೆ ಒಂಬತ್ತಕ್ಕೆ ಅಂಗಡಿ ತೆರೆಯಬೇಕಿತ್ತು.

ಇದಾಗಿ ಏಳೆಂಟು ವರ್ಷ. ಕುಚ್ಚಲಕ್ಕಿ ಗಂಜಿ ಇಲ್ಲದಿದ್ದರೆ ಈಗ ನನಗೆ ಜ್ವರ ಬಿಡುವುದಿಲ್ಲ. ತುಳುವಿನಲ್ಲಿ ಚೌಕಾಸಿ ಮಾಡುತ್ತೇನೆ, ಸಿಟ್ಟು ಬಂದರೆ ಮಾತ್ರ ರೋಣದ ಕನ್ನಡ.

ಹೋದ ವರ್ಷ ಅವ್ವನಿಗೆ ಗತ್ತಿನ ಹೆಂಗಸಿನದೇ ಒಂದು ಸಣ್ಣ ಬಾಟಲಿ ಒಯ್ದಿದ್ದೆ. "ಈ ವಯಸ್ಸಿನ್ಯಾಗ ನನಗ್ಯಾಕವಾ ಇದು," ಎಂದು ಅವಳು ಅದನ್ನು ಟ್ರಂಕಿನಲ್ಲಿಟ್ಟಳು. ಮೊನ್ನೆ ಊರಿಗೆ ಹೋಗಿದ್ದೆ. ಹೊರಡುವ ದಿನ ಮುಂಜಾನೆ ಹೊದ್ದ ಕೌದಿಗಳನ್ನು ಮಡಚಿ ಒಳಗಿಡಲು ಟ್ರಂಕು ತೆರೆದೆ. ಬಾಟಲಿ ಸೋರಿ ಎಷ್ಟು ತಿಂಗಳಾಗಿತ್ತೋ, ಅಡಿಯ ಬಟ್ಟೆಗಳಿಂದ ಆ ಬೆಚ್ಚನೆಯ ಪರಿಮಳ ಎದ್ದು ಬಂತು. ಗಾಜಿನ ಕಪಾಟು, ಶಟರು ಎತ್ತುವ ಸದ್ದು, ಸುಮತಿಯಕ್ಕ, ಬಾಗಿಲಲ್ಲಿ ಕೊಡೆ ಮಡಚುವ ಹೆಂಗಸರು ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂತು. ಕೌದಿಯಲ್ಲಿ ಮುಖವಿಟ್ಟು ಅತ್ತುಬಿಟ್ಟೆ.

ಅವ್ವ ಬಂದು ಬೆನ್ನ ಮೇಲೆ ಕೈಯಾಡಿಸಿದಳು. "ನಮ್ಮನ್ನ ಬಿಟ್ಟು ಹೋಗಾಕ ಇಷ್ಟು ಸಂಕಟ ಆದ್ರ ಇನ್ನೆರಡು ದಿನ ಇರವಾ," ಎಂದಳು. ನನಗೆ ನೆನಪಾಗಿದ್ದು ಮಣಿಪಾಲವೆಂದು ಅವಳಿಗೆ ಹೇಳುವ ಧೈರ್ಯವಾಗದೆ ಇನ್ನೆರಡು ದಿನ ಇದ್ದೆ.