ಜೈಲಿನಲ್ಲೂ ಉಪಚಾರ

ನಮ್ಮ ಮನೆಗೆ ಬಂದವರು ಕಾಫಿ ಬೇಡ ಅಂದರೆ ನಾವು ನಂಬುವುದಿಲ್ಲ. ಎರಡನೇ ಸಲ ಕೇಳುತ್ತೇವೆ. ಮೂರನೇ ಸಲಕ್ಕೆ ‘ಅರ್ಧ ಲೋಟ ಸಾಕು’ ಅಂತ ಬರುತ್ತದೆ. ಜೈಲಿನಲ್ಲಿ ಮಾತ್ರ ಒಂದೇ ಸಲ ಕೇಳುತ್ತಾರೆ.

ವಾರವೆಲ್ಲ ಡಲ್ಲಾಸ್ ಹತ್ತಿರದ ಪ್ಲೇನೋದ ಆಫೀಸಿನಲ್ಲಿ ಕೋಡ್ ಬರೆಯುವ ನಾನು, ಶನಿವಾರ ಅಲ್ಲೇ ಪಕ್ಕದ ಲೂಯಿಸ್‌ವಿಲ್‌ನ ಮನೆಯಿಂದಲೇ ವಿಡಿಯೊದಲ್ಲಿ ದುಭಾಷಿಯ ಕೆಲಸ ಮಾಡುತ್ತೇನೆ. ಹೆಚ್ಚಾಗಿ ಆಸ್ಪತ್ರೆಯ ಕರೆಗಳು. ಒಂದು ಮಧ್ಯಾಹ್ನ ಡಲ್ಲಾಸ್ ಕಡೆಯ ಜೈಲೊಂದರಿಂದ ಕರೆ ಬಂತು. ತೆರೆಯ ಮೇಲೆ ಜೈಲಿನ ಅಧಿಕಾರಿ, ಗಟ್ಟಿಮುಟ್ಟಾದ ಹೆಂಗಸು. ಎದುರಿಗೆ ಕೈದಿಯ ಉಡುಪಿನಲ್ಲಿ ಮುಳುಗಿಹೋಗಿದ್ದ ಧಾರವಾಡದ ಕಡೆಯ ಅಂಕಲ್. ಮಗಳ ಮನೆಗೆ ಬಂದವರು, ಕೊತ್ತಂಬರಿ ತರಲು ಅವಳ ಕಾರು ತೆಗೆದಿದ್ದರು. ಹಿಂದೆ ಪೊಲೀಸ್ ದೀಪ ಮಿನುಗಿದಾಗ, ಪಾಪ, ಅವಸರದಲ್ಲಿರಬೇಕು ಅಂತ ದಾರಿ ಬಿಟ್ಟುಕೊಟ್ಟು, ತಮ್ಮ ಪಾಡಿಗೆ ತಾವು ಮುಂದೆ ಹೋಗಿದ್ದರು. ತಪ್ಪಿಸಿಕೊಂಡು ಓಡಿದ ಆರೋಪ! ನಗು ತಡೆಯಲು ತುಟಿ ಕಚ್ಚಿಕೊಂಡೆ.

ಆ ನಗು ಪ್ರಶ್ನೆಗಳು ಶುರುವಾದ ಮೇಲೆ ಇಳಿಯಿತು. ಒಳಗೆ ಬೇರೆ ಕೈದಿಗಳಿಂದ ಯಾರಿಗೆ ಹೊಡೆತ ಬೀಳುವ ಅಪಾಯ ಹೆಚ್ಚು ಅಂತ ತಿಳಿಯಲು ಕೇಳುವ ಪ್ರಶ್ನೆಗಳವು. ಜೈಲು ಹೊಸದೇ? ಹೌದು. ಇಂಗ್ಲಿಷ್? ಬರುವುದಿಲ್ಲ. ವಯಸ್ಸಂತೂ ಆಗಿದೆ, ಮೈಯಲ್ಲಿ ಬರೀ ಮೂಳೆ. ಕೊನೆಗೆ ಆಕೆ ಕೇಳಿದಳು: ಜಡ್ಜ್ ಮುಂದೆ ಹೋಗುವವರೆಗೆ ಎಲ್ಲರ ಜೊತೆ ದೊಡ್ಡ ಕೋಣೆಯಲ್ಲಿ ಇರುತ್ತೀರಾ, ಇಲ್ಲಾ ಒಬ್ಬರೇ ಇರುವ ಕೋಣೆ ಬೇಕಾ?

“ಬ್ಯಾಡ್ರಿ, ಬ್ಯಾಡ. ಸುಮ್ನ ಯಾಕ ತ್ರಾಸ ನಿಮಗ?” ಅಂಕಲ್ ಕೈ ಮುಗಿದರು.

ಹೇಳಿದ್ದನ್ನು ಹೇಳಿದ ಹಾಗೇ ದಾಟಿಸುವುದು ನಮ್ಮ ಕಟ್ಟುಪಾಡು. ದಾಟಿಸಿದೆ. ಆಕೆ ಕಂಪ್ಯೂಟರ್ ಕಡೆ ತಿರುಗಿದಳು. ಇನ್ನೇನು, ಇವರನ್ನು ದೊಡ್ಡ ಕೋಣೆಗೇ ದೂಡುತ್ತಾರೆ ಅನ್ನಿಸಿತು. ನನ್ನದೇ ಒಂದು ವಿವರಣೆ ಕೊಡಬಹುದೇ ಎಂದು ಒಪ್ಪಿಗೆ ಕೇಳಿ, “ಮೇಡಂ, ನಮ್ಮಲ್ಲಿ ಮೊದಲನೇ ‘ಬೇಡ’ ಬರೀ ಮರ್ಯಾದೆಗೆ. ಇನ್ನೊಮ್ಮೆ ಕೇಳಿ ನೋಡಿ” ಅಂದೆ.

ಆಕೆ ಹುಬ್ಬೇರಿಸಿದಳು. ಆದರೂ ಕೇಳಿದಳು.

“ಇರ್ಲಿ ಬಿಡ್ರಿ, ಎಲ್ಲಾರೂ ಇರೂ ಕಡೆ ನಾನೂ ಇರ್ತೀನಿ.”

“ಇದೂ ಮರ್ಯಾದೆಯೇನು?” ಆಕೆ ನನ್ನನ್ನು ಕೇಳಿದಳು.

“ಇದು ಇನ್ನೂ ದೊಡ್ಡ ಮರ್ಯಾದೆ. ಇನ್ನೊಂದೇ ಸಲ, ಪ್ಲೀಸ್.”

ಆಕೆ ಜೋರಾಗಿ ನಕ್ಕಳು. ನನಗಂತೂ ಆ ನಗುವಿನಿಂದಲೇ ಅರ್ಧ ಜೀವ ಬಂತು. ಕುರ್ಚಿ ಹತ್ತಿರಕ್ಕೆಳೆದು, ಅಂಕಲ್ ಮುಖ ನೋಡುತ್ತ, ನಿಧಾನವಾಗಿ ಮತ್ತೆ ಕೇಳಿದಳು. ಅಂಕಲ್ ಗೋಡೆಯಾಚೆಯ ಗದ್ದಲದ ಕಡೆ ಒಮ್ಮೆ ನೋಡಿದರು. ಮುಗಿದ ಕೈ ಬಿಡದೆ ಆಕೆಯ ಕಡೆಗೆ ಸರಿದು ಕೂತರು.

“ನಿಮಗೇನೂ ತ್ರಾಸ ಆಗಂಗಿಲ್ಲಂದ್ರ... ಬ್ಯಾರೆ ಖೋಲಿನ ಕೊಡ್ರಿ. ಭಾಳ ಅಂಜಿಕಿ ಆಗ್ಲಿಕ್ಕತ್ತದ.”

ನಾನು ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆಕೆ ಬೀಗದ ಕೈ ತೆಗೆದುಕೊಂಡು ಎದ್ದಾಗಿತ್ತು.